ಎಂಟರಲ್ಲಿ ಒಂದು

ಸಿಗ್ನಲ್ಲು ಸಿಗುವುದು ಗುಡ್ಡದ ನೆತ್ತಿಯಲ್ಲಿ,
ಅದೂ ಗಾಳಿ ಮನಸ್ಸು ಮಾಡಿದರೆ.
ಕಂಬಳಿ ಹೊದ್ದು, ಮೊಬೈಲನ್ನು
ಹಣತೆಯ ಹಾಗೆ ಅಂಗೈಯಲ್ಲಿ ಮರೆಮಾಡಿ ನಿಂತೆ.
ತೊಂಬತ್ತೆಂಟಕ್ಕೆ ಬಂದು ಕಡಿದುಹೋಯಿತು,
ಎರಡು ಸಲ.
ಮೂರನೆಯದಕ್ಕೆ ಇಳಿಯಿತು ನಿನ್ನ ಪಾಠ, ಡೊರೀನ್,
ಭಿನ್ನರಾಶಿ, ಹನ್ನೊಂದು ಪುಟ,
ಲೆಸೊಥೊದ ಈ ತುದಿಗೆ, ಮೊಖೊಟ್ಲೊಂಗಿಗೆ.

ನೀನು ಯಾರೋ, ವಯಸ್ಸೆಷ್ಟೋ.
ಮ್ಯಾನಿಟೋಬ ಎಂದಿದೆ. ಅಲ್ಲಿಯೂ ಹಿಮ ಬೀಳುತ್ತದಂತೆ.
ಅಡಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಮಾತು:
ತಗೊಳ್ಳಿ, ತಿದ್ದಿ, ಹಂಚಿ,
ಯಾರಿಂದ ಬಂತೆಂದು ಮಾತ್ರ ಹೇಳಿ.
ನಮ್ಮ ಹಳೇ ಪಠ್ಯಪುಸ್ತಕದ ಮೊದಲ ಪುಟದಲ್ಲಿ
ಇದಕ್ಕೆ ಪೂರಾ ತಿರುಗುಮುರುಗಿನ ಮಾತಿದೆ.
ಹೊಸದರಲ್ಲಿ ಏನಿದೆಯೋ, ಅದಿನ್ನೂ ಬಂದಿಲ್ಲ.

ನಿನ್ನದು ಪಿಜ್ಜಾ, ಎಂಟು ತುಂಡು.
ನಿನ್ನ ನಂತರ ಲಿಗಾಯಾ ಎಂಬಾಕೆ, ಯಾವುದೋ ದ್ವೀಪದವಳು,
ಪಿಜ್ಜಾ ತೆಗೆದು ಬಿಬಿಂಗ್ಕಾ ಇಟ್ಟಿದ್ದಾಳೆ.
ನಾನು ತಿಂದವಳಲ್ಲ. ಚಿತ್ರದಲ್ಲಿ
ಬಾಳೆಲೆಯ ಮೇಲೆ ಸೀದ ಚಂದ್ರನ ಹಾಗಿದೆ.
ಏಳನೇ ಪುಟದಲ್ಲಿ ಮಾತ್ರ ಕಣ್ತಪ್ಪಿ
ನಿನ್ನ ಪಿಜ್ಜಾ ಒಂದು ಹಾಗೇ ಉಳಿದಿದೆ.

ರಾತ್ರಿ ಸೌರದೀಪದ ಕೆಳಗೆ ನಾನೂ ಕೂತೆ.
ಬಿಬಿಂಗ್ಕಾ ಅಳಿಸಿದೆ, ಬೊಹೊಬೆ ಬರೆದೆ:
ಮೂರು ಕಾಲಿನ ಕಬ್ಬಿಣದ ಮಡಕೆಯಲ್ಲಿ ಉಬ್ಬುವ
ನಮ್ಮ ದುಂಡು ರೊಟ್ಟಿ.
ಅಂಶ, ಛೇದಗಳಿಗೆ ಸೆಸೊಥೊದಲ್ಲಿ ಏನೆನ್ನಲಿ?
ಇನ್ಸ್‌ಪೆಕ್ಟರು ಹೇಳುವ ಶಬ್ದ ಅವರಿಗೇ ಬಾಯಿಗೆ ಹತ್ತದು.
ಕೆಳಗಿನದಕ್ಕೆ 'ಮನೆಯಲ್ಲಿರುವವರು' ಎಂದೆ,
ಮೇಲಿನದಕ್ಕೆ 'ಕೈ ಚಾಚಿದವರು'.
ಪೀಠಿಕೆ, ಹತ್ತು ನಿಮಿಷ ಎಂದಿದ್ದಲ್ಲಿ
ಒಲೆಗೆ ಕೈ ಕಾಯಿಸಿಕೊಳ್ಳುವುದು, ಹತ್ತು ನಿಮಿಷ.

ಕತ್ತಲಾದ ಮೇಲೆ ಬರುವವರು ಕುರಿ ಕಾಯುವ ಹುಡುಗರು.
ನಾಯಿಗಳನ್ನು ಹೊಸ್ತಿಲಾಚೆ ಮಲಗಿಸಿ
ಗಂಬೂಟಿನ ಕೆಸರು ಕೆರೆದು ಒಳಬರುತ್ತಾರೆ.
ಹಳೇ ಬಾಗಿಲೊಂದು ನಮ್ಮ ಬೋರ್ಡು.
ಅದರ ಮೇಲೆ ದುಂಡಗೆ ರೊಟ್ಟಿ ಬಿಡಿಸಿ
ಎಂಟು ಸಮ ಗೆರೆ ಎಳೆದೆ.
'ಎಂಟು ಜನ, ಒಬ್ಬೊಬ್ಬರಿಗೆ ಎಷ್ಟು?'

ತ್ಲಾಲಿ ಎದ್ದು ನಿಂತ. 'ತಪ್ಪು' ಅಂದ.
'ಮೇಲಿನ ದೊಡ್ಡಿಗೆ ಹೋಗೋನಿಗೂ ಅಷ್ಟೇನಾ?
ಅವ್ನು ವಾಪಸ್ ಬರೋದು ಮೂರು ದಿನಕ್ಕೆ.
ನಾಯಿಗೂ ಅದ್ರಲ್ಲೇ ಆಗ್ಬೇಕು.'

ಯೋಜನೆಯ ಪ್ರಕಾರ ಆಗ ನಾನು
ಅವನನ್ನು ಕೂರಿಸಿ ಮೂರನೇ ಪುಟಕ್ಕೆ ಹೋಗಬೇಕಿತ್ತು.

'ಹಾಗಾದರೆ ಅವನಿಗೆಷ್ಟು?' ಅಂದೆ.
ಕೋಣೆ ಸಂತೆಯಾಯಿತು. ಅರ್ಧ ಎಂದ ಒಬ್ಬ, ಅತಿಯಾಸೆಯವ.
ಜಗ್ಗಾಡಿ ಕಾಲು ಭಾಗಕ್ಕೆ ಒಪ್ಪಿದರು.
ಉಳಿದ ಮುಕ್ಕಾಲು ಏಳು ಜನಕ್ಕೆ ಹೇಗೆ?
ನನಗೂ ತಟ್ಟನೆ ಹೊಳೆಯಲಿಲ್ಲ, ಡೊರೀನ್.
ಕುರಿ ಎಣಿಸುವ ಕಲ್ಲುಗಳನ್ನು ಜೇಬಿನಿಂದ ಸುರಿದು
ಇಟ್ಟರು, ಕೆಡಿಸಿದರು, ಮತ್ತೆ ಇಟ್ಟರು.
ಎಂಟು ಕಲ್ಲು ಸಾಲದು, ಹದಿನಾರೂ ಮುರಿಯುತ್ತದೆ.
ಎಷ್ಟೋ ಹೊತ್ತಿಗೆ ಇಪ್ಪತ್ತೆಂಟು.
ಏಳು ಅವನಿಗೆ. ಮೂರು ಮೂರು ಉಳಿದವರಿಗೆ.
ಒಂದೂ ಮಿಗಲಿಲ್ಲ.
ಹೊರಗೆ ನಾಯಿಯೊಂದು ಬೊಗಳಿತು, ತನ್ನ ಪಾಲು ಕೇಳಿದಂತೆ.

ಭಾನುವಾರ ಮತ್ತೆ ನೆತ್ತಿ ಹತ್ತಿದ್ದೇನೆ.
ಪಾಠಕ್ಕೀಗ ಹನ್ನೆರಡು ಪುಟ.
ಹನ್ನೆರಡರಲ್ಲಿ ಇಪ್ಪತ್ತೆಂಟು ಕಲ್ಲಿನ ಚಿತ್ರ,
ಅದರ ಮೇಲೆ ಒಂದೇ ಸಾಲು:
ಗೆರೆ ಎಳೆಯುವ ಮೊದಲು ಮಕ್ಕಳನ್ನು ಕೇಳಿ,
ಯಾರು ದೂರ ಹೋಗುವವರು ಎಂದು.
ಯಾರಿಂದ ಬಂತೆಂದು ಹೇಳುವ ಜಾಗದಲ್ಲಿ
ಡೊರೀನ್, ಲಿಗಾಯಾ, ಆಮೇಲೆ ಮಾಲಿನೇವೊ, ಅಂದರೆ ನಾನು,
ಆಮೇಲೆ ತ್ಲಾಲಿ.
ತನ್ನ ಹೆಸರು ತಾನೇ ಒತ್ತುತ್ತೇನೆಂದು ಹಟ ಹಿಡಿದು
ಒಂದಕ್ಷರ ಹೆಚ್ಚಿಗೆ ಒತ್ತಿದ್ದಾನೆ. ಇರಲಿ ಬಿಟ್ಟೆ.
ಏಳನೇ ಪುಟದ ಪಿಜ್ಜಾವನ್ನೂ ಮುಟ್ಟಲಿಲ್ಲ.

ಒಂದು ಕೇಳಬೇಕಿತ್ತು ನಿನ್ನನ್ನು:
ನಿಮ್ಮ ಕಡೆ ಆ ಎಂಟು ಜನರಲ್ಲಿ
ದೂರ ಹೋಗುವವರು ಯಾರು?

ಹನ್ನೆರಡು. ನಲವತ್ತು.
ಗಾಳಿ ಎದ್ದಿದೆ. ತ್ಲಾಲಿ ಕಂಬಳಿ ಬಿಚ್ಚಿ
ಮೊಬೈಲಿಗೆ ಅಡ್ಡ ಹಿಡಿದಿದ್ದಾನೆ.
ಅರವತ್ತಮೂರು.